ಕೇಳುಗನ ಪಾಲು

ಚಿತ್ರಕಾರನ ಚಿತ್ರವನ್ನು ಯಾರೂ ನೋಡದಿದ್ದರೂ ಅದು ಗೋಡೆಯ ಮೇಲೆ ಉಳಿದಿರುತ್ತದೆ. ಕವಿಯ ಕಾವ್ಯ ಓಲೆಗರಿಯ ಕಟ್ಟಿನಲ್ಲಿ ನೂರಾರು ವರ್ಷ ಮಲಗಿದ್ದು, ಎಂದೋ ಒಂದು ದಿನ ವಿದ್ವಾಂಸನೊಬ್ಬನ ಕೈಗೆ ಸಿಕ್ಕಿ ಮತ್ತೆ ಬೆಳಕಿಗೆ ಬರಬಹುದು. ಶಿಲ್ಪಿ ಕಡೆದ ಮೂರ್ತಿ ಮಣ್ಣಿನಡಿ ಹೂತುಹೋದರೂ ಮೂರ್ತಿಯಾಗಿಯೇ ಇರುತ್ತದೆ. ಹಾಡಿನ ಪಾಡು ಬೇರೆ. ಹಾಡುಗಾರನ ಕಂಠದಿಂದ ಹೊರಟ ಸ್ವರ ಆ ಕ್ಷಣದಲ್ಲಿ ಹುಟ್ಟಿ ಮರುಕ್ಷಣದಲ್ಲಿ ಗಾಳಿಯಲ್ಲಿ ಲೀನವಾಗುತ್ತದೆ. ಅದಕ್ಕೆ ನೆಲೆ ದೊರೆಯುವುದಾದರೆ ಕೇಳುವವನ ಕಿವಿಯಲ್ಲಿ, ಅವನ ನೆನಪಿನಲ್ಲಿ ದೊರೆಯಬೇಕು. ಹಾಡುವವನು ಎಷ್ಟೇ ದೊಡ್ಡ ವಿದ್ವಾಂಸನಾಗಿರಲಿ, ಎದುರಿಗೆ ಕುಳಿತು ಕೇಳುವವರಿಲ್ಲದೆ ಅವನ ಕೆಲಸ ಪೂರ್ಣವಾಗುವುದಿಲ್ಲ.

ಭಾರತೀಯ ಕಾವ್ಯಮೀಮಾಂಸಕರು ಈ ಸಂಗತಿಯನ್ನು ಬಹು ಹಿಂದೆಯೇ ಕಂಡುಕೊಂಡಿದ್ದರು. ಕಾವ್ಯವನ್ನು ಸವಿಯಬಲ್ಲವನನ್ನು ಅವರು ‘ಸಹೃದಯ’ ಎಂದು ಕರೆದರು. ಕವಿಯ ಹೃದಯಕ್ಕೆ ಸಮನಾದ ಹೃದಯವುಳ್ಳವನು ಎಂಬುದು ಆ ಪದದ ಭಾವ. ಕಾಶ್ಮೀರದ ಅಭಿನವಗುಪ್ತನು ತನ್ನ ‘ಲೋಚನ’ವೆಂಬ ವ್ಯಾಖ್ಯಾನದ ಆರಂಭದಲ್ಲಿ ಸರಸ್ವತಿಯ ತತ್ತ್ವವನ್ನು ಕೊಂಡಾಡುವಾಗ ಕವಿಯನ್ನೂ ಸಹೃದಯನನ್ನೂ ಜೊತೆಯಾಗಿಯೇ ಹೆಸರಿಸಿದ್ದಾನೆ. ಕಾವ್ಯಕ್ಕೆ ಸಲ್ಲುವ ಈ ಮಾತು ಸಂಗೀತ, ನೃತ್ಯ, ನಾಟಕಗಳಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಕಾವ್ಯವನ್ನು ಓದುವವನು ಕವಿಗೆ ಕಾಣಿಸುವುದಿಲ್ಲ; ಕೇಳುಗನಾದರೋ ಗಾಯಕನ ಕಣ್ಣೆದುರಿಗೇ ಕುಳಿತಿರುತ್ತಾನೆ. ಅವನು ತಲೆದೂಗಿದರೂ ಗಾಯಕನಿಗೆ ತಿಳಿಯುತ್ತದೆ, ತೂಕಡಿಸಿದರೂ ತಿಳಿಯುತ್ತದೆ.

ಒಂದು ಕಾಲಕ್ಕೆ ಸಂಗೀತವನ್ನು ಕೇಳುವ ಅವಕಾಶ ಎಲ್ಲರಿಗೂ ಸಮನಾಗಿ ದೊರೆಯುತ್ತಿರಲಿಲ್ಲ. ಅರಮನೆಯ ಆಸ್ಥಾನದಲ್ಲಿ ವಿದ್ವಾಂಸರು ಹಾಡುತ್ತಿದ್ದರು. ಅಲ್ಲಿಗೆ ಪ್ರವೇಶವಿದ್ದವರು ಕೆಲವರು ಮಾತ್ರ. ಮಿಕ್ಕವರು ದೇವರ ಉತ್ಸವಗಳನ್ನು, ಹರಿಕಥೆ ಭಜನೆಗಳನ್ನು ಕಾಯಬೇಕಾಗಿತ್ತು. ಮೈಸೂರು ಆಸ್ಥಾನದ ಹಿರಿಯ ವಿದ್ವಾಂಸರಾಗಿದ್ದ ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿ, ಅಲ್ಲಿ ಸಂಗೀತ ಕಚೇರಿಗಳು ನಡೆಯುವಂತೆ ಮಾಡಿದರು. ತಾವು ಕಲಿತ ವಿದ್ಯೆಗೆ ಊರಿನಲ್ಲಿ ಒಂದು ಮನೆ ಇರಬೇಕು, ಆ ಮನೆಯ ಬಾಗಿಲು ಕೇಳಬಯಸುವವರಿಗೆ ತೆರೆದಿರಬೇಕು ಎಂಬ ಹಂಬಲವಿಲ್ಲದೆ ಹಾಡುಗಾರನೊಬ್ಬನು ಇಂತಹ ಕಾರ್ಯಕ್ಕೆ ಕೈಹಾಕುವುದಿಲ್ಲ.

ಕೃಷ್ಣಪ್ಪನವರ ಶಿಷ್ಯರೇ ಪಿಟೀಲು ಚೌಡಯ್ಯನವರು. ತಿರುಮಕೂಡಲು ನರಸೀಪುರದಿಂದ ಬಂದು, ಗುರುಗಳ ಬಳಿ ಕಠಿಣ ಅಭ್ಯಾಸ ಮಾಡಿ, ದಕ್ಷಿಣ ಭಾರತದ ಎಲ್ಲೆಡೆಯಲ್ಲಿಯೂ ಹೆಸರು ಗಳಿಸಿದ ಚೌಡಯ್ಯನವರ ಬಾಳಿನ ಒಂದು ಸಂಗತಿ ಕೇಳುಗರಿಗೆ ನೇರವಾಗಿ ಸಂಬಂಧಿಸಿದೆ. ಆಗ ಸಭೆಗಳಲ್ಲಿ ಧ್ವನಿವರ್ಧಕ ಬಳಕೆಗೆ ಬಂದಿರಲಿಲ್ಲ. ಗಾಯಕರ ಕಂಠ, ಮೃದಂಗದ ನಾದ ಇವುಗಳ ನಡುವೆ ಪಿಟೀಲಿನ ಸಣ್ಣ ದನಿ ಸಭೆಯ ಹಿಂದಿನ ಸಾಲಿಗೆ ತಲಪುವುದು ಕಷ್ಟವಾಗುತ್ತಿತ್ತು. ಚೌಡಯ್ಯನವರು ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ಅದರ ನಾದ ತುಂಬಿ ಬಂದಿತು. ಹಿಂದೆ ಗೋಡೆಗೆ ಒರಗಿ ಕುಳಿತವನಿಗೂ ಅದು ಕೇಳಿಸಿತು. ಆ ಹೆಚ್ಚಿನ ತಂತಿಗಳನ್ನು ಶ್ರುತಿಗೂಡಿಸಿ ನುಡಿಸುವ ಶ್ರಮ ಕಲಾವಿದನದು. ಅದರ ಫಲ ಕಡೆಯ ಸಾಲಿನ ಕೇಳುಗನದು. ಚೌಡಯ್ಯನವರು 1967ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ 1980ರಲ್ಲಿ ಸಿದ್ಧವಾದ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿಯೇ ಇದೆ. ಅಲ್ಲಿ ಕುಳಿತು ಸಂಗೀತವನ್ನು ಕೇಳುವವರು ಒಂದು ವಾದ್ಯದ ಒಡಲಿನಲ್ಲಿಯೇ ಕುಳಿತಂತಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಸಂಗೀತ ಅರಮನೆಯಿಂದ ಬೀದಿಗೆ ಬಂದಿತು. ರಾಮನವಮಿ, ಗಣೇಶೋತ್ಸವಗಳ ಚಪ್ಪರಗಳು ಕಚೇರಿಗಳ ತಾಣಗಳಾದವು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಇದಕ್ಕೆ ಉತ್ತಮ ನಿದರ್ಶನ. ಹಲವು ದಶಕಗಳಿಂದ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆದುಬಂದಿರುವ ಈ ಉತ್ಸವದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರಂತಹ ಗಾಯಕರೂ ಹಾಡಿದ್ದಾರೆ, ಪಂಡಿತ ಭೀಮಸೇನ ಜೋಶಿಯವರಂತಹ ಹಿಂದುಸ್ತಾನಿ ಗಾಯಕರೂ ಹಾಡಿದ್ದಾರೆ. ಬೇಸಿಗೆಯ ಸಂಜೆ, ಚಪ್ಪರದ ಕೆಳಗೆ ಸಾಲು ಸಾಲು ಕುರ್ಚಿಗಳು, ಅಲ್ಲಿ ಜಾಗ ದೊರೆಯದವರು ಹೊರಗೆ ನಿಂತು ಕೇಳುವುದು, ರಾಮನವಮಿಯ ದಿನ ಬೊಗಸೆಯಲ್ಲಿ ಪಾನಕ ಕೋಸಂಬರಿ—ಇಂತಹ ಚಪ್ಪರಗಳಲ್ಲಿ ವಿದ್ವಾಂಸನೂ ಅಂಗಡಿಯವನೂ ಶಾಲೆಯ ಹುಡುಗನೂ ಒಂದೇ ರಾಗವನ್ನು ಕೇಳುತ್ತಾರೆ. ಒಬ್ಬನು ರಾಗದ ಹೆಸರನ್ನು ಬಲ್ಲ, ಇನ್ನೊಬ್ಬನು ಹೆಸರನ್ನು ಅರಿಯ. ಸಂತೋಷದಲ್ಲಿ ಇಬ್ಬರಿಗೂ ಪಾಲುಂಟು.

ಹಾಡುಗಾರನು ಮನೆಯಿಂದಲೇ ಎಲ್ಲವನ್ನೂ ಸಿದ್ಧಪಡಿಸಿಕೊಂಡು ಬಂದು ಸಭೆಯ ಮುಂದೆ ಒಪ್ಪಿಸಿ ಹೋಗುತ್ತಾನೆ ಎಂದು ಕೆಲವರು ತಿಳಿದಿರುವುದುಂಟು. ಕರ್ನಾಟಕ ಸಂಗೀತದ ಕಚೇರಿಯನ್ನು ಗಮನವಿಟ್ಟು ನೋಡಿದರೆ ಈ ತಿಳಿವಳಿಕೆ ತಪ್ಪೆಂದು ಗೊತ್ತಾಗುತ್ತದೆ. ಇಂದು ರೂಢಿಯಲ್ಲಿರುವ ಕಚೇರಿಯ ಕ್ರಮಕ್ಕೆ ಒಂದು ಅಚ್ಚುಕಟ್ಟನ್ನು ತಂದುಕೊಟ್ಟವರು ಅರಿಯಕುಡಿ ರಾಮಾನುಜ ಅಯ್ಯಂಗಾರ್ ಅವರು. ಮೊದಲಿಗೆ ವರ್ಣ, ಅನಂತರ ಚುರುಕಾದ ಒಂದೆರಡು ಕೃತಿಗಳು, ಸಭೆ ಕಳೆಗಟ್ಟಿದ ಬಳಿಕ ವಿಸ್ತಾರವಾದ ರಾಗಾಲಾಪನೆ, ಅದಕ್ಕೆ ಹೊಂದಿದ ದೊಡ್ಡ ಕೃತಿ, ಅದರ ಒಂದು ಸಾಲನ್ನು ಹಿಡಿದು ನೆರವಲ್, ಕಲ್ಪನಾಸ್ವರ, ಆಮೇಲೆ ಮೃದಂಗ, ಘಟ, ಖಂಜಿರಗಳ ತನಿ ಆವರ್ತನ, ಕೊನೆಗೆ ದೇವರನಾಮ, ತಿಲ್ಲಾನ, ಮಂಗಳ. ಇದು ಹೊರಗಿನ ಚೌಕಟ್ಟು. ಚೌಕಟ್ಟಿನ ಒಳಗೆ ಏನು ನಡೆಯುವುದೆಂಬುದನ್ನು ಮೊದಲೇ ಬರೆದಿಟ್ಟಿರುವುದಿಲ್ಲ. ಆಲಾಪನೆ, ನೆರವಲ್, ಕಲ್ಪನಾಸ್ವರ ಇವೆಲ್ಲವೂ ಆ ಹೊತ್ತಿಗೆ ಆ ವೇದಿಕೆಯ ಮೇಲೆ ಹುಟ್ಟತಕ್ಕವು.

ಇಲ್ಲಿಯೇ ಕೇಳುಗನ ಪಾಲು ಆರಂಭವಾಗುತ್ತದೆ. ಗಾಯಕನು ರಾಗದ ಮೊದಲ ಸಂಚಾರವನ್ನು ಹಾಡಿ ಒಂದು ಸ್ವರದ ಮೇಲೆ ನಿಲ್ಲುತ್ತಾನೆ. ಪಿಟೀಲುವಾದಕನು ಆ ಸಂಚಾರದ ಸುಳಿವನ್ನು ಹಿಡಿದು ನೆರಳಿನಂತೆ ಹಿಂಬಾಲಿಸುತ್ತಾನೆ. ಸಭೆಯಲ್ಲಿ ಎಲ್ಲಿಯೋ ಒಂದು ‘ಭಲೇ’ ಎಂಬ ಮೆಲುದನಿ ಕೇಳಿಬರುತ್ತದೆ. ಕೇಳುಗರ ಕಿವಿ ತನ್ನ ಜೊತೆಗಿದೆ ಎಂಬ ನಂಬಿಕೆ ಗಾಯಕನಿಗೆ ಮೂಡುತ್ತದೆ. ಆಗ ಅವನು ಅವಸರಪಡುವುದಿಲ್ಲ. ಅದೇ ಸ್ವರದ ಸುತ್ತ ಇನ್ನೂ ನಾಲ್ಕು ಬಗೆಯಲ್ಲಿ ಸುಳಿದಾಡುತ್ತಾನೆ. ತಾನೂ ಮುನ್ನ ಕಾಣದಿದ್ದ ಒಂದು ದಾರಿ ಅವನಿಗೆ ತೆರೆದುಕೊಳ್ಳಬಹುದು. ಸಭೆಯಲ್ಲಿ ಗುಸುಗುಸು ಮಾತು, ಎದ್ದು ಹೋಗುವವರ ಸದ್ದು, ಕುರ್ಚಿ ಎಳೆಯುವ ಕರಕರ ತುಂಬಿದ್ದರೆ ಅದೇ ಗಾಯಕನು ರಾಗವನ್ನು ಬೇಗ ಮುಗಿಸಿ ಎಲ್ಲರಿಗೂ ಪರಿಚಿತವಾದ ಒಂದು ಹಾಡಿಗೆ ಹೊರಳುತ್ತಾನೆ. ಒಬ್ಬನೇ ವಿದ್ವಾಂಸ ಒಂದೇ ರಾಗವನ್ನು ಒಂದೂರಿನಲ್ಲಿ ಹತ್ತು ನಿಮಿಷ, ಮತ್ತೊಂದೂರಿನಲ್ಲಿ ಮುಕ್ಕಾಲು ಗಂಟೆ ಹಾಡಬಲ್ಲನು. ಎಷ್ಟು ಹಾಡಬೇಕೆಂಬ ತೀರ್ಮಾನದಲ್ಲಿ ಸಭೆಯ ಮೌನಕ್ಕೂ ಒಂದು ಮತವಿದೆ.

ಸಂಗೀತ ಶಾಸ್ತ್ರವನ್ನು ಕಲಿಯದವರು ಕಚೇರಿಯಲ್ಲಿ ಕುಳಿತು ಮಾಡುವುದೇನು ಎಂಬ ಸಂದೇಹ ಸಹಜ. ಕೇಳುವುದಕ್ಕೆ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ. ಆದಿತಾಳವನ್ನು ಹಾಕಲು ಬಂದರೆ ಮೊದಲ ಮೆಟ್ಟಿಲನ್ನು ಹತ್ತಿದಂತೆಯೇ. ಬಲಗೈಯಿಂದ ತೊಡೆಯ ಮೇಲೆ ಒಂದು ಘಾತ, ಆಮೇಲೆ ಕಿರುಬೆರಳಿನಿಂದ ತೊಡಗಿ ಮೂರು ಬೆರಳೆಣಿಕೆ; ಅನಂತರ ಒಂದು ಘಾತ, ಒಂದು ಹುಸಿ; ಮತ್ತೆ ಒಂದು ಘಾತ, ಒಂದು ಹುಸಿ. ಅಲ್ಲಿಗೆ ಎಂಟು ಅಕ್ಷರಗಳ ಒಂದು ಆವರ್ತ ಮುಗಿಯಿತು. ಹಾಡು ನಡೆಯುತ್ತಿರುವಾಗ ಸದ್ದಿಲ್ಲದೆ ಹೀಗೆ ತಾಳ ಹಾಕುತ್ತ ಕುಳಿತವನಿಗೆ ಒಂದೊಂದೇ ಸೊಗಸು ಗೋಚರಿಸತೊಡಗುತ್ತದೆ. ಪಲ್ಲವಿ ಯಾವಾಗಲೂ ಮೊದಲ ಘಾತದ ಮೇಲೆಯೇ ಆರಂಭವಾಗುವುದಿಲ್ಲ. ಕೆಲವು ಕೃತಿಗಳಲ್ಲಿ ಅರ್ಧ ಅಕ್ಷರವೋ ಒಂದು ಅಕ್ಷರವೋ ಕಳೆದ ಮೇಲೆ ಅದು ಎತ್ತಿಕೊಳ್ಳುತ್ತದೆ. ಕಲ್ಪನಾಸ್ವರಗಳನ್ನು ಹಾಡುವಾಗ ಗಾಯಕನು ಎಲ್ಲೆಲ್ಲಿಯೋ ಅಲೆದು, ಸರಿಯಾಗಿ ಅದೇ ಜಾಗಕ್ಕೆ ಬಂದು ಸೇರುತ್ತಾನೆ. ತಾಳ ತಪ್ಪದೆ ಎಣಿಸುತ್ತಿದ್ದವನ ಮುಖದಲ್ಲಿ ಆಗ ಮೂಡುವ ನಗೆ, ಶಾಸ್ತ್ರಗ್ರಂಥವನ್ನು ಓದಿದವನ ನಗೆಗಿಂತ ಕಡಿಮೆಯದೇನೂ ಅಲ್ಲ.

ತನಿ ಆವರ್ತನದ ಹೊತ್ತಿಗೆ ಎದ್ದುಹೋಗುವ ಅಭ್ಯಾಸ ಕೆಲವು ಕೇಳುಗರಲ್ಲಿದೆ. ಮುಖ್ಯ ಗಾಯಕನು ವಿರಮಿಸಿದಾಗ ತಮಗೂ ವಿರಾಮವೆಂದು ಅವರು ಭಾವಿಸುತ್ತಾರೆ. ಎರಡು ಗಂಟೆಗಳ ಕಾಲ ಗಾಯಕನ ಹಾಡಿಗೆ ಆಸರೆಯಾಗಿ ನಡೆದುಬಂದ ಮೃದಂಗವಾದಕನು ತನ್ನ ವಿದ್ಯೆಯನ್ನು ಸ್ವತಂತ್ರವಾಗಿ ಮೆರೆಯಿಸಲು ದೊರೆಯುವ ಅವಕಾಶ ಅದೊಂದೇ. ಅವನು ಚರ್ಮದ ಮೇಲೆ ಬೆರಳನ್ನು ಹೂಡುವ ಗಳಿಗೆಗೆ ಸರಿಯಾಗಿ ಅರ್ಧ ಸಭೆ ಕಾಫಿಯ ಕಡೆಗೆ ಹೊರಟರೆ ಅವನ ಮನಸ್ಸು ಹೇಗಾಗಬೇಡ! ಪಕ್ಕವಾದ್ಯದವನನ್ನು ಕೇಳುವುದನ್ನು ಕಲಿತವನು ಕಚೇರಿಯನ್ನು ಪೂರ್ತಿಯಾಗಿ ಕೇಳಿದವನು.

ಉತ್ತರ ಕರ್ನಾಟಕದಲ್ಲಿ ಸಂಗೀತದ ಪದ್ಧತಿ ಬೇರೆ. ಕೇಳುಗನ ಪಾಲು ಅಲ್ಲಿಯೂ ಇದೇ. ಹಿಂದುಸ್ತಾನಿ ಗಾಯಕನು ವಿಲಂಬಿತ ಏಕತಾಲದಲ್ಲಿ 12 ಮಾತ್ರೆಗಳ ನಿಧಾನವಾದ ಆವರ್ತನೆಯನ್ನು ಹಿಡಿದು ರಾಗವನ್ನು ಒಂದೊಂದೇ ಸ್ವರವಾಗಿ ಬಿಡಿಸುತ್ತಾನೆ. ಪ್ರತಿಯೊಂದು ಆವರ್ತನೆಯ ಕೊನೆಯಲ್ಲಿ ಅವನು ‘ಸಮ್’ ಎಂಬ ಮೊದಲ ಮಾತ್ರೆಗೆ ಬಂದು ಸೇರುವ ರೀತಿಯನ್ನು ಬೈಠಕ್ಕಿನಲ್ಲಿ ಕುಳಿತವರೆಲ್ಲ ಕಾದಿರುತ್ತಾರೆ. ಸೊಗಸಾಗಿ ಸೇರಿದಾಗ ‘ವಾಹವ್ವಾ’ ಎಂಬ ಉದ್ಗಾರ ತಾನಾಗಿ ಹೊರಡುತ್ತದೆ. ಅಲ್ಲಿ ಕೇಳುಗನ ಬಾಯಿಂದ ಬಂದ ಆ ಒಂದು ಮಾತೂ ಸಂಗೀತದ ಭಾಗವೇ ಆಗಿಬಿಡುತ್ತದೆ.

ಧಾರವಾಡ ಜಿಲ್ಲೆಯ ಕುಂದಗೋಳ ದೊಡ್ಡ ಊರೇನೂ ಅಲ್ಲ. ಆದರೂ ಹಿಂದುಸ್ತಾನಿ ಸಂಗೀತದ ಚರಿತ್ರೆಯಲ್ಲಿ ಅದರ ಹೆಸರು ನಿಂತಿದೆ. ಅಬ್ದುಲ್ ಕರೀಂ ಖಾನರ ಶಿಷ್ಯರಾದ, ‘ಸವಾಯಿ ಗಂಧರ್ವ’ರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರರು ಆ ಊರಿನವರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಅವರಲ್ಲಿ ಪಾಠ ಹೇಳಿಸಿಕೊಂಡರು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಬಳಿಕ ಅವರ ಸ್ಮರಣೆಗಾಗಿ ಕುಂದಗೋಳದ ನಾಡಗೀರ ವಾಡೆಯಲ್ಲಿ ಸಂಗೀತೋತ್ಸವ ನಡೆಯುತ್ತ ಬಂದಿದೆ. ಹಳೆಯ ವಾಡೆಯ ಅಂಗಳದಲ್ಲಿ ನೆಲದ ಮೇಲೆ ಕುಳಿತು ರಾತ್ರಿಯಿಡೀ ಸಂಗೀತವನ್ನು ಕೇಳಿದ ರಸಿಕರಿಂದಾಗಿ ಆ ಊರಿಗೆ ಹೆಸರು ಬಂದಿತು. ಕಲಾವಿದರು ಅಲ್ಲಿ ಹಾಡುವುದನ್ನು ತಮ್ಮ ಭಾಗ್ಯವೆಂದು ತಿಳಿದರು.

ಧ್ವನಿಮುದ್ರಿಕೆಗಳಿರುವಾಗ ಇಷ್ಟು ದೂರ ಹೋಗಿ ಕೇಳುವುದೇಕೆ ಎಂದು ಕೇಳಬಹುದು. ಧ್ವನಿಮುದ್ರಣವನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಗದಗಿನಲ್ಲಿ ಬೆಳೆದ ಬಾಲಕ ಭೀಮಸೇನ ಜೋಶಿಯ ಮನಸ್ಸಿಗೆ ಕಿಡಿ ತಾಗಿಸಿದ್ದು ಅಬ್ದುಲ್ ಕರೀಂ ಖಾನರ ಒಂದು ಧ್ವನಿಮುದ್ರಿಕೆಯೇ. ಅಂತಹ ಗಾಯನವನ್ನು ತಾನೂ ಕಲಿಯಬೇಕೆಂದು 1933ರಲ್ಲಿ, ಇನ್ನೂ ಹನ್ನೊಂದರ ಹುಡುಗನಾಗಿದ್ದಾಗ, ಅವರು ಗುರುವನ್ನು ಅರಸುತ್ತ ಮನೆ ಬಿಟ್ಟು ಹೊರಟರು. ಉತ್ತರ ಹಿಂದುಸ್ತಾನದ ಊರೂರು ಅಲೆದು, ಕೊನೆಗೆ ಅವರು ಬಂದು ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರ ಮನೆಯನ್ನು. 2008ರಲ್ಲಿ ಅವರಿಗೆ ಭಾರತ ರತ್ನ ಘೋಷಿತವಾಯಿತು. ಈ ವೃತ್ತಾಂತದಲ್ಲಿ ಎರಡು ಸಂಗತಿಗಳು ಅಡಗಿವೆ. ಮುದ್ರಿಕೆ ಎಚ್ಚರಿಸಬಲ್ಲುದು, ಹಸಿವನ್ನು ಹುಟ್ಟಿಸಬಲ್ಲುದು. ಆ ಹಸಿವು ಹಿಂಗಬೇಕಾದರೆ ಮನುಷ್ಯನು ಮನುಷ್ಯನ ಎದುರಿಗೆ ಹೋಗಿ ಕುಳಿತುಕೊಳ್ಳಬೇಕು. ಮುದ್ರಿಕೆಯಲ್ಲಿರುವ ಹಾಡು ಯಾರು ಕೇಳಿದರೂ, ಎಷ್ಟು ಸಲ ಕೇಳಿದರೂ ಒಂದೇ ಬಗೆ. ಕೇಳುಗನ ತಲೆದೂಗು ಅದರ ಒಂದು ಸ್ವರವನ್ನೂ ಬದಲಿಸಲಾರದು.

ಸಂಗೀತದ ಸಭೆಗಳಿಂದ ಕರಾವಳಿಯ ಬಯಲಾಟದ ಕಡೆಗೆ ತಿರುಗಿದರೆ ಕೇಳುಗನ ಪಾಲು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮಳೆಗಾಲ ಕಳೆದು ಗದ್ದೆಯ ಕೊಯ್ಲು ಮುಗಿಯುವ ಕಾಲಕ್ಕೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ತುಳುನಾಡಿನಲ್ಲಿ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯವರೆಗೆ ಆಟಗಳು ನಡೆಯುತ್ತವೆ. ಹರಕೆ ಹೊತ್ತ ಮನೆಯವರು ಆಟದ ಖರ್ಚನ್ನು ವಹಿಸುತ್ತಾರೆ. ಊರಿಗೆ ಊರೇ ಬಂದು ನೋಡುತ್ತದೆ, ಯಾರಿಗೂ ಟಿಕೆಟಿಲ್ಲ. ಚೌಕಿಯಲ್ಲಿ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುತ್ತಿರುವಾಗಲೇ ಚೆಂಡೆಯ ಸದ್ದು ಗುಡ್ಡದಾಚೆಯ ಮನೆಗಳಿಗೂ ಆಟದ ಸುದ್ದಿಯನ್ನು ಮುಟ್ಟಿಸುತ್ತದೆ.

ಯಕ್ಷಗಾನದಲ್ಲಿ ಭಾಗವತರು ಹಾಡುವ ಪದ್ಯಗಳು ಪ್ರಸಂಗದ ಪುಸ್ತಕದಲ್ಲಿವೆ. ವೇಷಧಾರಿ ಆಡುವ ಮಾತು ಯಾವ ಪುಸ್ತಕದಲ್ಲಿಯೂ ಇಲ್ಲ. ಪದ್ಯದ ಅರ್ಥವನ್ನು ಬೆಳೆಸಿ ಅವನು ರಂಗಸ್ಥಳದಲ್ಲಿಯೇ ಮಾತನ್ನು ಕಟ್ಟಬೇಕು. ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಕುಣಿತವೂ ಇಲ್ಲ. ಹಿಮ್ಮೇಳದ ಎರಡು ಪಕ್ಕಗಳಲ್ಲಿ ಕುಳಿತ ಅರ್ಥಧಾರಿಗಳ ಮಾತೇ ಸರ್ವಸ್ವ. ‘ಕೃಷ್ಣ ಸಂಧಾನ’ದ ಕಥೆಯನ್ನು ತಿಳಿಯದವರು ಆ ಸಭೆಯಲ್ಲಿ ಒಬ್ಬರೂ ಇರಲಾರರು. ಸಂಧಿ ಮುರಿಯುತ್ತದೆ, ಯುದ್ಧ ನಡೆಯುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಆದರೂ ಜನ ನಿದ್ದೆಗೆಟ್ಟು ಕುಳಿತಿರುತ್ತಾರೆ. ಏಕೆಂದರೆ ಈ ರಾತ್ರಿ ಈ ಕೌರವನು ಆ ಕೃಷ್ಣನಿಗೆ ಏನು ಉತ್ತರ ಕೊಡುವನೆಂಬುದು ಯಾರಿಗೂ ಗೊತ್ತಿಲ್ಲ. ಕೌರವನ ವಾದ ಬಲವಾಗಿದ್ದರೆ ಸಭೆ ಅವನತ್ತ ವಾಲುತ್ತದೆ. ಕೃಷ್ಣನ ಪಾತ್ರಧಾರಿ ಇನ್ನೂ ಎತ್ತರದ ಮಾತನ್ನು ಹುಡುಕಬೇಕಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಮಂದಿ ಪುರಾಣವನ್ನೂ ಅಚ್ಚಗನ್ನಡದ ಮಾತುಗಾರಿಕೆಯನ್ನೂ ಈ ರಾತ್ರಿಗಳಲ್ಲಿ ಕಲಿತರು. ಇತ್ತೀಚಿನ ವರ್ಷಗಳಲ್ಲಿ ಹಲವು ಮೇಳಗಳು ಇರುಳಿಡೀ ನಡೆಯುತ್ತಿದ್ದ ಆಟವನ್ನು ಮೊಟಕುಗೊಳಿಸಿ ಕಾಲಮಿತಿಯ ಪ್ರದರ್ಶನಗಳನ್ನು ನೀಡುತ್ತಿವೆ. ಜನರ ಬದುಕಿನ ಕ್ರಮ ಬದಲಾದಂತೆ ಕಲೆಯೂ ತನ್ನ ವೇಳೆಯನ್ನು ಹೊಂದಿಸಿಕೊಳ್ಳುತ್ತದೆ.

ಒಳ್ಳೆಯ ಪ್ರೇಕ್ಷಕರು ತಾವಾಗಿಯೇ ಹುಟ್ಟಿಬರುತ್ತಾರೆಯೇ, ಅವರನ್ನು ಬೆಳೆಸಬೇಕೇ? ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು ಎಂಬ ಹಳ್ಳಿ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಅಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಅದೇ ಇಂದು ನೀನಾಸಮ್ ಎಂದು ಹೆಸರಾಗಿದೆ. ಅಡಿಕೆ ತೋಟಗಳ ನಡುವಣ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು ನಟರನ್ನು ತಯಾರು ಮಾಡುವ ಕೆಲಸಕ್ಕೆ ಕೊಟ್ಟಷ್ಟೇ ಮಹತ್ವವನ್ನು ನೋಡುಗರನ್ನು ತಯಾರು ಮಾಡುವ ಕೆಲಸಕ್ಕೂ ಕೊಟ್ಟರು. ಹಳ್ಳಿಯವರಿಗೆ ಒಳ್ಳೆಯ ನಾಟಕ, ಒಳ್ಳೆಯ ಚಲನಚಿತ್ರ ಅರ್ಥವಾಗಲಾರದು ಎಂಬ ಮಾತನ್ನು ಅವರು ಒಪ್ಪಲಿಲ್ಲ. ನಾಟಕ ತೋರಿಸಿದರು, ಚಿತ್ರಗಳನ್ನು ತೋರಿಸಿದರು, ಶಿಬಿರಗಳನ್ನು ನಡೆಸಿ ಅವುಗಳ ಕುರಿತು ಮಾತನಾಡಿಸಿದರು. 1985ರಲ್ಲಿ ಆರಂಭವಾದ ‘ತಿರುಗಾಟ’ದ ತಂಡ ಕರ್ನಾಟಕದ ಊರೂರಿಗೂ ನಾಟಕಗಳನ್ನು ಕೊಂಡೊಯ್ದಿತು. ಕಾಳಿದಾಸನೂ ಶೇಕ್ಸ್‌ಪಿಯರನೂ ಸಣ್ಣ ಊರುಗಳ ರಂಗಮಂದಿರಗಳಿಗೆ ಬಂದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ರಸಿಕತೆ ಪೇಟೆಯವರ ಸೊತ್ತಲ್ಲ, ಅಭ್ಯಾಸದಿಂದ ಯಾವ ಊರಿನಲ್ಲಿಯೂ ಬೆಳೆಯತಕ್ಕ ಗುಣ ಎಂಬುದನ್ನು ಹೆಗ್ಗೋಡು ತೋರಿಸಿಕೊಟ್ಟಿತು.

ಕೇಳುಗರಿಲ್ಲದಿದ್ದರೆ ಏನಾಗುವುದೆಂಬುದನ್ನು 2020ನೆಯ ಇಸವಿ ಎಲ್ಲರ ಕಣ್ಣಿಗೂ ಕಾಣುವಂತೆ ತೋರಿಸಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಕೊರೊನಾ ಸೋಂಕನ್ನು ತಡೆಯುವುದಕ್ಕಾಗಿ ಜನರು ಒಂದೆಡೆ ಸೇರುವುದೇ ನಿಂತುಹೋಯಿತು. ರಾಮನವಮಿಯ ಚಪ್ಪರಗಳು ಬರಿದಾದವು. ಯಕ್ಷಗಾನ ಮೇಳಗಳು ಪತ್ತನಾಜೆಗೆ ಮುನ್ನವೇ ಗೆಜ್ಜೆ ಬಿಚ್ಚಿ ಮನೆಗೆ ಮರಳಿದವು. ಅನೇಕ ಗಾಯಕರು ಮನೆಯ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಕುಳಿತು ಹಾಡಿದರು. ಅದನ್ನು ದೂರದ ಊರುಗಳವರೂ ಕೇಳಿದರು. ಸಂಗೀತ ಆ ಮೂಲಕ ಉಸಿರು ಹಿಡಿದುಕೊಂಡಿತೆಂಬುದು ನಿಜ. ಆದರೆ ರಾಗವನ್ನು ಹಾಡಿ ಮುಗಿಸಿದಾಗ ಎದುರಿನಿಂದ ಒಂದು ಚಪ್ಪಾಳೆಯೂ ಬಾರದ ಆ ಕೋಣೆಯ ಮೌನ ಸಭೆಯ ಮೌನವಾಗಿರಲಿಲ್ಲ. ದಿನಗೂಲಿಯಂತೆ ಆಟದಿಂದ ಆಟಕ್ಕೆ, ಕಚೇರಿಯಿಂದ ಕಚೇರಿಗೆ ದುಡಿಯುತ್ತಿದ್ದ ವಾದ್ಯಗಾರರಿಗೆ, ವೇಷಧಾರಿಗಳಿಗೆ ಅನ್ನದ ದಾರಿಯೇ ಮುಚ್ಚಿತು. ಕಲೆ ಎಷ್ಟು ಜನರ ಒಲೆಯನ್ನು ಉರಿಸುತ್ತಿತ್ತು ಎಂಬುದು ಸಭೆ ಸೇರುವುದು ನಿಂತ ಮೇಲೆ ತಿಳಿಯಿತು.

ಸೋಂಕು ತಗ್ಗಿತು, ಸಭಾಂಗಣಗಳ ಬಾಗಿಲು ಮತ್ತೆ ತೆರೆಯಿತು. ಆದರೆ ಬಾಗಿಲು ತೆರೆದಿದ್ದರೂ ಸಭೆ ಬರಿದಾಗಿರುವುದುಂಟು. ಹೆಸರಾಂತ ಗಾಯಕರ ಕಚೇರಿಗೆ ನೂಕುನುಗ್ಗಲಾಗುತ್ತದೆ. ಅದೇ ಉತ್ಸವದಲ್ಲಿ ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ, ಹತ್ತು ವರ್ಷ ಕಲಿತು ಮೊದಲ ಬಾರಿಗೆ ವೇದಿಕೆಯನ್ನೇರಿದ ಹುಡುಗಿಯೊಬ್ಬಳು ಖಾಲಿ ಕುರ್ಚಿಗಳಿಗೆ ಹಾಡಬೇಕಾಗುತ್ತದೆ. ಮುಂದಿನ ಸಾಲಿನಲ್ಲಿ ಅವಳ ತಾಯಿ ತಂದೆ, ಗುರುಗಳು, ಚಪ್ಪರದ ಕಾವಲುಗಾರ. ಇಂದು ಹೆಸರಾದವರೂ ಒಮ್ಮೆ ಆ ಮಧ್ಯಾಹ್ನದ ವೇದಿಕೆಯ ಮೇಲೆಯೇ ಕುಳಿತಿದ್ದರು. ಆಗ ಯಾರೋ ಹತ್ತು ಮಂದಿ ಬಿಸಿಲನ್ನು ಲೆಕ್ಕಿಸದೆ ಬಂದು ಕೇಳಿದ್ದರಿಂದ ಅವರಿಗೆ ಧೈರ್ಯ ಬಂದಿತು. ಆ ಹುಡುಗಿಗೂ ಹತ್ತು ಮಂದಿ ದೊರೆತರೆ ಅವಳು ಮುಂದಿನ ವರ್ಷ ಇನ್ನೂ ಚೆನ್ನಾಗಿ ಹಾಡುತ್ತಾಳೆ. ದೊರೆಯದಿದ್ದರೆ ಅವಳು ತಂಬೂರಿಗೆ ಗವಸು ಹಾಕಿ ಮೂಲೆಗೆ ಇಡಲೂಬಹುದು. ಊರಿನಲ್ಲಿ ಉತ್ಸವವನ್ನು ನಡೆಸುವವರ ಸ್ಥಿತಿಯೂ ಹೀಗೆಯೇ. ಮನೆಮನೆಗೆ ಅಲೆದು ಚಂದಾ ಎತ್ತಿ, ಚಪ್ಪರ ಹಾಕಿಸಿ, ಕಲಾವಿದರಿಗೆ ಊಟ ವಸತಿಯನ್ನು ಏರ್ಪಡಿಸಿದವರು ಮೂರು ವರ್ಷ ಬರಿಯ ಕುರ್ಚಿಗಳನ್ನು ಕಂಡರೆ ನಾಲ್ಕನೆಯ ವರ್ಷ ರಸೀದಿ ಪುಸ್ತಕವನ್ನು ಕೈಗೆತ್ತಿಕೊಳ್ಳುವುದಿಲ್ಲ. ಹಾಡುವವರ ಕೊರತೆಯಿಂದ ಯಾವ ಊರಿನ ಉತ್ಸವವೂ ಥಟ್ಟನೆ ನಿಲ್ಲುವುದಿಲ್ಲ. ಕೇಳುವವರ ಕೊರತೆಯಿಂದ ಅದು ಸದ್ದಿಲ್ಲದೆ ಸೊರಗುತ್ತದೆ.

ಸಭೆಯಲ್ಲಿ ಕುಳಿತುಕೊಳ್ಳುವುದಕ್ಕೂ ಒಂದು ಮರ್ಯಾದೆಯಿದೆ. ಗಾಯಕನು ಶ್ರುತಿ ಸೇರಿಸುವುದಕ್ಕೆ ಮುನ್ನವೇ ಬಂದು ಕುಳಿತವನು ಸಭೆಗೆ ಗೌರವ ಸಲ್ಲಿಸಿದಂತೆ. ಏಳುವುದು ಅನಿವಾರ್ಯವಾದರೆ ಒಂದು ಕೃತಿ ಮುಗಿಯುವವರೆಗೆ ಕಾದು, ತಲೆ ಬಾಗಿಸಿ, ಅಂಚಿನಿಂದ ಹೊರಗೆ ಹೋಗಬೇಕು. ಪಕ್ಕದವನೊಡನೆ ರಾಗದ ಹೆಸರನ್ನು ಕುರಿತು ಚರ್ಚಿಸಲು ಕಚೇರಿ ಮುಗಿದ ಬಳಿಕ ಬೇಕಾದಷ್ಟು ಹೊತ್ತಿರುತ್ತದೆ. ಇಂದಿನ ದಿನಗಳಲ್ಲಿ ಕೈಯಲ್ಲಿರುವ ಮೊಬೈಲ್ ಫೋನು ಹೊಸದೊಂದು ತೊಡಕನ್ನು ತಂದಿದೆ. ಅದರ ಗಂಟೆಯ ಸದ್ದು ಎಲ್ಲರನ್ನೂ ಕೆಡಿಸುತ್ತದೆ. ಅದನ್ನು ಎತ್ತಿ ಹಿಡಿದು ಹಾಡನ್ನು ಸೆರೆಹಿಡಿಯುವವನು ಹಿಂದಿನವರ ನೋಟಕ್ಕೂ ಅಡ್ಡಿಯಾಗುತ್ತಾನೆ, ತಾನೂ ಹಾಡನ್ನು ಕೇಳುವುದಿಲ್ಲ. ಅವನ ಲಕ್ಷ್ಯವೆಲ್ಲ ಪರದೆಯ ಚೌಕಟ್ಟಿನಲ್ಲಿ ಗಾಯಕನು ನೆಟ್ಟಗೆ ಕಾಣುತ್ತಿದ್ದಾನೆಯೇ ಎಂಬುದರಲ್ಲಿರುತ್ತದೆ. ಹಾಗೆ ತುಂಬಿಸಿಕೊಂಡು ಹೋದದ್ದನ್ನು ಮನೆಯಲ್ಲಿ ಮತ್ತೆ ತೆರೆದು ಕೇಳುವವರು ವಿರಳ. ಕಣ್ಣು ಮುಚ್ಚಿ ಕೇಳಿದ ಒಂದು ಆಲಾಪನೆಯಾದರೋ ಮರುದಿನ ನೀರು ಸೇದುವಾಗಲೂ, ಶಾಲೆಗೆ ನಡೆಯುವಾಗಲೂ ಕಿವಿಯಲ್ಲಿ ಗುನುಗುಟ್ಟುತ್ತಿರುತ್ತದೆ.

ಸಂಗೀತವಾಗಲಿ ನಾಟಕವಾಗಲಿ ಬಯಲಾಟವಾಗಲಿ, ಸಭೆಯಲ್ಲಿ ಕುಳಿತವನಿಗೆ ಇನ್ನೊಂದು ಲಾಭವೂ ಉಂಟು. ಪರರ ಮಾತಿಗೆ ಕಿವಿಗೊಡುವ ತಾಳ್ಮೆ ಅವನಲ್ಲಿ ಬೆಳೆಯುತ್ತದೆ. ತನಗೆ ಒಡನೆಯೇ ಹಿಡಿಸದ ರಾಗವನ್ನು ಕೊನೆಯವರೆಗೂ ಕೇಳಿದವನು, ಕೌರವನ ವಾದವನ್ನೂ ನ್ಯಾಯವಾಗಿ ತೂಗಿ ನೋಡಿದವನು, ನಾಲ್ಕು ಜನರ ನಡುವೆ ಬಾಳುವ ರೀತಿಯನ್ನು ಕಲಿತಿರುತ್ತಾನೆ. ಅಪರಿಚಿತರು ಪಕ್ಕಪಕ್ಕದಲ್ಲಿ ಕುಳಿತು ಒಂದೇ ಗಳಿಗೆಯಲ್ಲಿ ನಕ್ಕು, ಒಂದೇ ಗಳಿಗೆಯಲ್ಲಿ ಕಣ್ಣು ಒರಸಿಕೊಳ್ಳುವ ತಾಣಗಳು ಊರಿನಲ್ಲಿ ಹಲವಿಲ್ಲ.

ಕರ್ನಾಟಕದ ಬಹುತೇಕ ಊರುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಭಜನೆಯೋ ಹರಿಕಥೆಯೋ ಗಮಕ ವಾಚನವೋ ಕಚೇರಿಯೋ ಆಟವೋ ನಡೆಯುತ್ತದೆ. ದೇವಸ್ಥಾನದ ಗೋಡೆಯ ಮೇಲೆ, ಗ್ರಂಥಾಲಯದ ಬಾಗಿಲಲ್ಲಿ ಅದರ ಕರಪತ್ರವನ್ನು ಅಂಟಿಸಿರುತ್ತಾರೆ. ಕೆಳಗಡೆ ‘ಸರ್ವರಿಗೂ ಸುಸ್ವಾಗತ’ ಎಂದು ಅಚ್ಚಾಗಿರುತ್ತದೆ. ಆ ‘ಸರ್ವರು’ ಎಂಬ ಮಾತಿನಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಸೇರಿದ್ದಾನೆ, ವಿದ್ಯಾರ್ಥಿನಿಯೂ ಸೇರಿದ್ದಾಳೆ. ಸಂಜೆ ಆರು ಗಂಟೆಗೆ ಹೋಗಿ ಚಾಪೆಯ ಒಂದು ಅಂಚಿನಲ್ಲಿ ಕುಳಿತುಕೊಂಡರೆ ಸಾಕು; ಆ ದಿನದ ಹಾಡಿನಲ್ಲಿ ತಮಗೆ ಸಲ್ಲುವ ಪಾಲನ್ನು ಅವರು ಪಡೆಯುತ್ತಾರೆ, ತಾವು ಸಲ್ಲಿಸಬೇಕಾದ ಪಾಲನ್ನೂ ಸಲ್ಲಿಸುತ್ತಾರೆ.